ಸೊರೆಸು ಕಲಿಯುವುದು ಹೇಗೆ? ಲೈಟ್‌ಸೇಬರ್‌ನ ರಕ್ಷಣಾ ವರಸೆಗೆ ಸಮಗ್ರ ಮಾರ್ಗದರ್ಶಿ

ಸ್ಟಾರ್ ವಾರ್ಸ್ ಚಿತ್ರಗಳ ಬೆಳಕಿನ ಕತ್ತಿಯಾದ ಲೈಟ್‌ಸೇಬರ್ ಕೈಗೆ ಬಂದ ಕೂಡಲೇ ಬಹುತೇಕರು ಮಾಡುವ ಮೊದಲ ಕೆಲಸ ಅದನ್ನು ಗಿರಗಿರನೆ ತಿರುಗಿಸುವುದು. ನೋಡಲು ಚೆಂದವೇ. ಆದರೆ ಎದುರಿಗೆ ಇನ್ನೊಬ್ಬರು ಕತ್ತಿ ಹಿಡಿದು ನಿಂತಾಗ ಆ ತಿರುಗಾಟ ಯಾವ ಕೆಲಸಕ್ಕೂ ಬರುವುದಿಲ್ಲ. ನಿಮ್ಮ ಅಲಗು ಒಂದು ಸುತ್ತು ಮುಗಿಸುವುದರೊಳಗೆ ಪೆಟ್ಟು ಬಿದ್ದಿರುತ್ತದೆ. ಸ್ಟಾರ್ ವಾರ್ಸ್ ಲೋಕದ ಏಳು ಕತ್ತಿವರಸೆಗಳಲ್ಲಿ ಮೂರನೆಯದಾದ ಸೊರೆಸು ಈ ಅಭ್ಯಾಸಕ್ಕೆ ತಕ್ಕ ಮದ್ದು. ಕೈಯನ್ನು ಎಷ್ಟು ಕಡಿಮೆ ಆಡಿಸಿದರೆ ಸಾಕು ಎಂಬುದನ್ನು ಕಲಿಸುವ ವರಸೆ ಇದು.

ಏಳು ವರಸೆಗಳ ಹೆಸರು ತಿಳಿದಿದ್ದರೆ ಸೊರೆಸುವಿನ ಜಾಗ ಸ್ಪಷ್ಟವಾಗುತ್ತದೆ: ಶೀ-ಚೋ, ಮಕಾಶಿ, ಸೊರೆಸು, ಅತಾರು, ಶಿಯೆನ್ ಮತ್ತು ಅದರ ಜೋಡಿಯಾದ ಜೆಮ್ ಸೋ, ನಿಮಾನ್, ಕೊನೆಗೆ ಜುಯೋ. ಚಿತ್ರಗಳಲ್ಲಿ ಯಾವ ಪಾತ್ರವೂ ಈ ಹೆಸರುಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪತ್ರಿಕೆ, ಕಾದಂಬರಿ, ಆಟಗಳ ಮೂಲಕ ಬೆಳೆದುಬಂದ ವಿವರಗಳಿವು. ಆದರೂ ತೆರೆಯ ಮೇಲೆ ಜೆಡೈ ಎಂಬ ಲೈಟ್‌ಸೇಬರ್ ಯೋಧರ ಪಂಗಡದ ಓಬಿ-ವಾನ್ ಕೆನೋಬಿಯನ್ನು ಗಮನವಿಟ್ಟು ನೋಡಿದರೆ ಸೊರೆಸುವಿನ ಒಂದೊಂದು ಲಕ್ಷಣವೂ ಅವನ ಮೈಯಲ್ಲಿ ಕಾಣುತ್ತದೆ.

ಹುಟ್ಟು ತಿಳಿಯದೆ ವರಸೆ ತಿಳಿಯದು

ಕಥೆಯ ಪ್ರಕಾರ ಕತ್ತಿಗೆ ಕತ್ತಿ ಎದುರಾಗುತ್ತಿದ್ದ ಕಾಲಕ್ಕೆ ರೂಪುಗೊಂಡದ್ದು ಎರಡನೆಯ ವರಸೆಯಾದ ಮಕಾಶಿ. ಬ್ಲಾಸ್ಟರ್ ಬಂದೂಕುಗಳು ಎಲ್ಲರ ಕೈಗೂ ಸಿಕ್ಕಮೇಲೆ ಜೆಡೈಗಳ ಮುಂದಿನ ಪ್ರಶ್ನೆ ಬದಲಾಯಿತು. ಹತ್ತು ದಿಕ್ಕಿನಿಂದ ಬೆಳಕಿನ ಗುಂಡು ಬರುವಾಗ ದೊಡ್ಡದಾಗಿ ಕತ್ತಿ ಬೀಸಿದವನು ಎರಡನೆಯ ಗುಂಡಿಗೇ ಸಾಯುತ್ತಾನೆ. ಹೀಗಾಗಿ ಅಲಗು ಮೈಗೆ ಹತ್ತಿರದಲ್ಲೇ ಇರಬೇಕು, ಒಂದು ತಡೆಯಿಂದ ಇನ್ನೊಂದಕ್ಕೆ ಹೋಗುವ ದಾರಿ ಅತಿ ಗಿಡ್ಡವಾಗಿರಬೇಕು, ಗಂಟೆಗಟ್ಟಲೆ ಹೋರಾಡಿದರೂ ಉಸಿರು ಉಳಿದಿರಬೇಕು. ಈ ಮೂರು ಅಗತ್ಯಗಳಿಂದಲೇ ಸೊರೆಸು ಹುಟ್ಟಿತು. ಮುಂದೆ ಹೇಳುವ ಪ್ರತಿಯೊಂದು ಅಭ್ಯಾಸವೂ ಈ ಮೂರರಲ್ಲಿ ಒಂದಕ್ಕೆ ಸೇರಿದ್ದು.

ಓಬಿ-ವಾನ್ ಹುಟ್ಟಾ ಸೊರೆಸು ಕತ್ತಿಗಾರನಲ್ಲ. 1999ರ ಚಿತ್ರದಲ್ಲಿ ಅವನೂ ಅವನ ಗುರು ಕ್ವೈ-ಗಾನ್ ಜಿನ್‌ನೂ ಆಡುವುದು ಅತಾರು. ಜಿಗಿತ, ಪಲ್ಟಿ, ಎಡೆಬಿಡದ ದಾಳಿ ಅದರ ಸ್ವಭಾವ. ನಾಬೂ ಗ್ರಹದ ಇಕ್ಕಟ್ಟಾದ ಜಾಗದಲ್ಲಿ, ಜಿಗಿಯಲು ತಾವಿಲ್ಲದಲ್ಲಿ, ವಯಸ್ಸಾದ ಕ್ವೈ-ಗಾನ್ ಶತ್ರು ಡಾರ್ತ್ ಮಾಲ್‌ನ ಕೈಯಲ್ಲಿ ಸಾಯುತ್ತಾನೆ. ಗುರು ಬಿದ್ದದ್ದನ್ನು ಕೆಂಪು ತೆರೆಯ ಆಚೆಯಿಂದ ನೋಡಿದ ಶಿಷ್ಯ ಆಮೇಲೆ ರಕ್ಷಣೆಯ ವರಸೆಗೆ ಹೊರಳುತ್ತಾನೆ. ನನಗೆ ಈ ಹೊರಳುವಿಕೆ ಇಡೀ ಕಥಾಸರಣಿಯಲ್ಲೇ ಅತ್ಯಂತ ಅರ್ಥಪೂರ್ಣವಾದ ಸಂಗತಿಗಳಲ್ಲಿ ಒಂದು. ದುಃಖ ಒಬ್ಬ ಮನುಷ್ಯನ ಕೈಕಾಲುಗಳ ಚಲನೆಯನ್ನೇ ಬದಲಿಸಿದ್ದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಸಲಕರಣೆ

ಅಭ್ಯಾಸಕ್ಕೆ ಸಿಗುವ ಲೈಟ್‌ಸೇಬರ್‌ಗಳ ಅಲಗು ಪಾಲಿಕಾರ್ಬನೇಟ್ ಕೊಳವೆ. ವ್ಯಾಸ ಸಾಮಾನ್ಯವಾಗಿ 1 ಅಂಗುಲ, ಉದ್ದ 32ರಿಂದ 36 ಅಂಗುಲ. ಕೊಳವೆಯ ಗೋಡೆ 2 ಮಿಲಿಮೀಟರ್ ಇದ್ದರೆ ಹಗುರ, 3 ಮಿಲಿಮೀಟರ್ ಇದ್ದರೆ ಗಟ್ಟಿ. ಎಲ್‌ಇಡಿ ದೀಪ ಹಿಡಿಯೊಳಗೆ ಇರುವ ಬಗೆಯನ್ನೇ ಕೊಳ್ಳಿ. ಅಲಗಿನ ಉದ್ದಕ್ಕೂ ದೀಪದ ಪಟ್ಟಿ ಇರುವ ಬಗೆ ನೋಡಲು ಹೆಚ್ಚು ಸುಂದರ, ಆದರೆ ಪೆಟ್ಟು ತಿನ್ನುವ ಕೆಲಸಕ್ಕೆ ತಕ್ಕುದಲ್ಲ. ಅಲಗನ್ನು ಹಿಡಿಯಿಂದ ಬಿಚ್ಚಲು ಬರಬೇಕು. ಮುಂದೊಂದು ಅಭ್ಯಾಸಕ್ಕೆ ಅದು ಬೇಕಾಗುತ್ತದೆ.

ಜೊತೆಗಾರರೊಂದಿಗೆ ಆಡುವುದಾದರೆ ಫೆನ್ಸಿಂಗ್ (ಕತ್ತಿವರಸೆಯ ಕ್ರೀಡೆ) ಮುಖವಾಡ ಕಡ್ಡಾಯ. ಕ್ರಿಕೆಟ್ ಹೆಲ್ಮೆಟ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಅದರ ಜಾಲರಿ ಚೆಂಡನ್ನು ತಡೆಯಲು ಮಾಡಿದ್ದು, 1 ಅಂಗುಲದ ಕೊಳವೆಯ ತುದಿಯನ್ನಲ್ಲ. ಕಣ್ಣಿನ ವಿಷಯದಲ್ಲಿ ಉಳಿತಾಯ ಬೇಡ. ಕೈಗವಸಿಗೆ ಮಾತ್ರ ಕ್ರಿಕೆಟ್ ಬ್ಯಾಟಿಂಗ್ ಗ್ಲೋವ್ಸ್ ಚೆನ್ನಾಗಿಯೇ ಒದಗುತ್ತವೆ, ಬೆರಳುಗಳ ಹಿಂಭಾಗಕ್ಕೆ ಒಳ್ಳೆಯ ಮೆತ್ತೆ ಇರುತ್ತದೆ. ಸೊರೆಸು ಅಭ್ಯಾಸದಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಬೆರಳುಗಳೇ, ಏಕೆಂದರೆ ಲೈಟ್‌ಸೇಬರ್‌ನ ಹಿಡಿಗೆ ಕೈ ಕಾಯುವ ಅಡ್ಡಪಟ್ಟಿ ಇಲ್ಲ.

ಹಿಡಿತ

ಕಥೆಯೊಳಗಿನ ಲೈಟ್‌ಸೇಬರ್‌ನ ಅಲಗಿಗೆ ತೂಕವಿಲ್ಲ, ಭಾರವೆಲ್ಲ ಹಿಡಿಯಲ್ಲಿ. ನಮ್ಮ ಕೈಯಲ್ಲಿರುವುದಕ್ಕೆ ಮುಂಭಾರವಿದೆ. ಆದ್ದರಿಂದ ಎರಡು ಕೈಗಳಿಂದ ಹಿಡಿಯುವುದೇ ಸರಿ. ಬಲಗೈಯವರು ಬಲಗೈಯನ್ನು ಅಲಗಿನ ಬುಡದ ಹತ್ತಿರ, ಎಡಗೈಯನ್ನು ಹಿಡಿಯ ತುದಿಯಲ್ಲಿ ಇಡಬೇಕು. ನಡುವೆ ನಾಲ್ಕು ಬೆರಳಿನ ಅಂತರವಿರಲಿ. ಬಲಗೈ ತಿರುಗುಕೀಲಿನ ಹಾಗೆ ಸ್ಥಿರ, ಎಡಗೈ ಸನ್ನೆಕೋಲಿನ ಹಾಗೆ ಅಲಗನ್ನು ಆಡಿಸುವ ಕೈ. ಎಡಗೈಯನ್ನು ಒಂದು ಗೇಣು ಸರಿಸಿದರೆ ಅಲಗಿನ ತುದಿ ಎರಡು ಮೊಳಕ್ಕೂ ಹೆಚ್ಚು ಓಡುತ್ತದೆ. ಸೊರೆಸುವಿನ ವೇಗದ ಗುಟ್ಟು ಇಷ್ಟೇ. ತೋಳಿನ ಬಲದಿಂದ ಕತ್ತಿಯನ್ನು ಹೊತ್ತು ತಿರುಗಿಸುವವರು ಎರಡು ನಿಮಿಷದಲ್ಲಿ ಏದುಸಿರು ಬಿಡುತ್ತಾರೆ. ಎಡಗೈ ಸನ್ನೆಯಿಂದ ಆಡಿಸುವವರು ಅರ್ಧ ಗಂಟೆ ನಿಲ್ಲುತ್ತಾರೆ.

ಬಿಗಿಯೆಲ್ಲ ಕಿರುಬೆರಳು, ಉಂಗುರ ಬೆರಳುಗಳಲ್ಲಿ ಇರಲಿ. ಹೆಬ್ಬೆರಳು, ತೋರುಬೆರಳು ಸಡಿಲವಾಗಿರಲಿ. ಪೆಟ್ಟು ತಾಗುವ ಕ್ಷಣಕ್ಕೆ ಮಾತ್ರ ಎಲ್ಲ ಬೆರಳುಗಳೂ ಬಿಗಿಯಬೇಕು, ಮರುಕ್ಷಣ ಸಡಿಲಬೇಕು.

ನಿಲುವು: ಪ್ರಸಿದ್ಧವಾದದ್ದು ಮತ್ತು ಉಪಯೋಗದ್ದು

ಓಬಿ-ವಾನ್‌ನ ಆರಂಭದ ಭಂಗಿ ಎಲ್ಲರಿಗೂ ಗೊತ್ತು. ಎಡಗೈ ಮುಂದಕ್ಕೆ ಚಾಚಿ, ತೋರುಬೆರಳು ಮತ್ತು ನಡುಬೆರಳು ಎದುರಾಳಿಯ ಕಡೆಗೆ. ಬಲಗೈಯಲ್ಲಿ ಸೇಬರ್ ತಲೆಯ ಮಟ್ಟದಲ್ಲಿ ಹಿಂದಕ್ಕೆ ಎಳೆದು ಹಿಡಿದದ್ದು. ಮೈಯ ಭಾರ ಹಿಂಗಾಲಿನ ಮೇಲೆ. ಮುಂದೆ ಚಾಚಿದ ಬರಿಗೈ ಎದುರಾಳಿಗೆ ಕೊಟ್ಟ ಆಹ್ವಾನ. ಅಲಗು ಹಿಂದೆ ಇರುವುದರಿಂದ ಅದರ ಉದ್ದವನ್ನು, ಅದು ಬರುವ ದಾರಿಯನ್ನು ಎದುರಾಳಿ ಅಳೆಯಲಾರ.

ಈ ಭಂಗಿಯಲ್ಲಿ ನಿಲ್ಲುವುದು ದೂರದಲ್ಲಿದ್ದಾಗ ಮಾತ್ರ. ಎದುರಾಳಿಯ ಅಲಗಿನ ತುದಿ ಒಂದು ದೊಡ್ಡ ಹೆಜ್ಜೆ ಇಟ್ಟರೂ ನಿಮ್ಮ ಚಾಚಿದ ಕೈಗೆ ಎಟುಕಬಾರದು. ಎಟುಕುವಷ್ಟು ಹತ್ತಿರ ಬಂದನೆಂದರೆ ಎಡಗೈ ಕೂಡಲೇ ಹಿಡಿಗೆ ಮರಳಬೇಕು, ಅಲಗು ಮುಂದೆ ಬರಬೇಕು. ಈ ಮರಳುವಿಕೆಯನ್ನೇ ಪ್ರತ್ಯೇಕವಾಗಿ ಅಭ್ಯಾಸ ಮಾಡಿ: ಭಂಗಿಯಿಂದ ಎರಡು ಕೈ ಹಿಡಿತಕ್ಕೆ, ಮತ್ತೆ ಭಂಗಿಗೆ. ಮೊದಲು ನಿಧಾನವಾಗಿ, ಆಮೇಲೆ ಜೊತೆಗಾರ ಚಪ್ಪಾಳೆ ತಟ್ಟಿದ ಕೂಡಲೇ.

ಕೆಲಸದ ನಿಲುವು ಬೇರೆ. ಪಾದಗಳ ನಡುವೆ ಭುಜದಗಲ, ಬಲಗಾಲು ಅರ್ಧ ಹೆಜ್ಜೆ ಮುಂದೆ, ಮಂಡಿ ತುಸು ಬಾಗಿ, ಎರಡೂ ಕಾಲಿನ ಮೇಲೆ ಸಮಭಾರ. ಹಿಡಿ ಹೊಕ್ಕುಳ ಮತ್ತು ಎದೆಗೂಡಿನ ನಡುವೆ, ಮೈಯಿಂದ ಎರಡು ಗೇಣು ದೂರ. ಅಲಗು ನೆಟ್ಟಗೆ ಮೇಲಕ್ಕೆ, ತುದಿ ಸ್ವಲ್ಪವೇ ಮುಂದಕ್ಕೆ ಬಾಗಿರಲಿ. ಮೊಣಕೈಗಳು ಪಕ್ಕೆಗೆ ಹತ್ತಿರ. ಮೊಣಕೈ ಹೊರಗೆ ಚಾಚಿತೆಂದರೆ ಅದು ಸೊರೆಸು ಅಲ್ಲ, ಎದುರಾಳಿಗೆ ತೋರಿಸಿಟ್ಟ ಗುರಿ.

ಚೌಕಟ್ಟು

ಒಂದು ಆಯತವನ್ನು ಕಲ್ಪಿಸಿಕೊಳ್ಳಿ: ಅಗಲ ನಿಮ್ಮ ಭುಜಗಳಿಗಿಂತ ಎರಡೆರಡು ಬೆರಳು ಹೆಚ್ಚು, ಮೇಲಿನ ಗೆರೆ ಹಣೆಯ ಮೇಲೆ, ಕೆಳಗಿನ ಗೆರೆ ಸೊಂಟದ ಹತ್ತಿರ. ನಿಮ್ಮ ಹಿಡಿ ಈ ಆಯತದಿಂದ ಹೊರಗೆ ಹೋಗಬಾರದು. ಅಲಗು ಹೋಗಬಹುದು, ಹಿಡಿ ಹೋಗಕೂಡದು. ಮೈಯ ಅಂಚನ್ನು ದಾಟಿ ಆಚೆ ಹೋಗುವ ಪೆಟ್ಟಿನಿಂದ ನಿಮಗೆ ಅಪಾಯವಿಲ್ಲ. ಅದನ್ನು ಬೆನ್ನಟ್ಟಿ ಹೋಗುವ ಕೈಯಿಂದಲೇ ಅಪಾಯ. ಎದುರಾಳಿ ಬಲಕ್ಕೆ ಸುಳ್ಳು ಪೆಟ್ಟು ತೋರಿಸಿ ಎಡಕ್ಕೆ ಹೊಡೆಯುವುದು ಇದೇ ಆಸೆಯಿಂದ.

ಇದಕ್ಕೆ ಮನೆಯ ಬಾಗಿಲಿಗಿಂತ ಒಳ್ಳೆಯ ಗುರುವಿಲ್ಲ. ಅಲಗನ್ನು ಬಿಚ್ಚಿಡಿ. ಬರೀ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು ಬಾಗಿಲ ಚೌಕಟ್ಟಿನ ನಡುವೆ, ಹೊಸ್ತಿಲ ಮೇಲೆಯೇ ನಿಲ್ಲಿ. ಮುಂದೆ ವಿವರಿಸುವ ತಡೆಗಳನ್ನು ಒಂದೊಂದಾಗಿ ಮಾಡಿ. ಬೆರಳ ಗೆಣ್ಣು ಮರಕ್ಕೆ ತಾಗಿತೆಂದರೆ ಕೈ ಅತಿಯಾಗಿ ಹೋಗಿದೆ ಎಂದರ್ಥ. ಮೊದಮೊದಲು ಪದೇಪದೇ ತಾಗುತ್ತದೆ, ಕ್ರಮೇಣ ನಿಲ್ಲುತ್ತದೆ. ತಾಗುವುದು ಪೂರ್ತಿ ನಿಲ್ಲುವವರೆಗೆ ಅಲಗು ಜೋಡಿಸಬೇಡಿ. ಈ ಹಂತವನ್ನು ಹಾರಿಸಿ ಮುಂದೆ ಹೋದವರ ತಡೆ ಎಂದಿಗೂ ಚಿಕ್ಕದಾಗುವುದಿಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಐದು ತಡೆ, ಒಂದು ಹಿಂಜರಿತ

ತಡೆಗಳನ್ನು ನಿಜವಾದ ಸೇಬರ್ ಫೆನ್ಸಿಂಗ್‌ನಿಂದ ತೆಗೆದುಕೊಳ್ಳುವುದರಲ್ಲಿ ಹೊರಗಿನದನ್ನು ತಂದು ಸೇರಿಸಿದಂತೇನೂ ಆಗುವುದಿಲ್ಲ. 1980 ಮತ್ತು 1983ರ ಚಿತ್ರಗಳ ಕಾಳಗಗಳಲ್ಲಿ ಖಳನಾಯಕ ಡಾರ್ತ್ ವೇಡರ್‌ನ ಮುಖವಾಡದೊಳಗೆ ಇದ್ದವರು ಬಾಬ್ ಆಂಡರ್ಸನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರವಾಗಿ ಕತ್ತಿ ಹಿಡಿದವರು. ಲೈಟ್‌ಸೇಬರ್‌ನ ಮೈಯಲ್ಲಿ ಮೊದಲಿನಿಂದಲೂ ಫೆನ್ಸಿಂಗ್‌ನ ರಕ್ತವಿದೆ.

ಬಲಭುಜದ ತಡೆ: ಕೆಲಸದ ನಿಲುವಿನಿಂದ ಹಿಡಿಯನ್ನು ಬಲ ಎದೆಯ ಮುಂದಕ್ಕೆ ಸರಿಸಿ, ಅಲಗು ನೆಟ್ಟಗೆ ನಿಂತು ತುದಿ ತುಸು ಎಡಕ್ಕೆ ವಾಲಿರಲಿ. ಎಡಭುಜದ ತಡೆ ಇದರ ಕನ್ನಡಿ ಬಿಂಬ. ಆದರೆ ಬಲಗೈಯವರಿಗೆ ಇಲ್ಲಿ ಮಣಿಕಟ್ಟು ಅಡ್ಡ ತಿರುಗುವುದರಿಂದ ಹಿಡಿ ಮುಂದಕ್ಕೆ ಜಾರುವ ಚಾಳಿ ಬೀಳುತ್ತದೆ, ನೋಡಿಕೊಳ್ಳಿ. ತಲೆಯ ತಡೆ: ಹಿಡಿ ಹಣೆಯ ಬಲಕ್ಕೆ, ಅಲಗು ತಲೆಯ ಮುಂದೆ ಮತ್ತು ಮೇಲೆ ಅಡ್ಡಲಾಗಿ, ತುದಿ ಹಿಡಿಗಿಂತ ಸ್ವಲ್ಪ ಎತ್ತರದಲ್ಲಿ. ತುದಿ ತಗ್ಗಿದರೆ ಎದುರಾಳಿಯ ಅಲಗು ಜಾರಿ ನಿಮ್ಮ ಎಡಭುಜಕ್ಕೆ ಇಳಿಯುತ್ತದೆ. ತೀರ ಎತ್ತರವಾದರೆ ಬೆರಳಿಗೇ ಬರುತ್ತದೆ. ಬಲ ಮತ್ತು ಎಡ ಪಕ್ಕೆಯ ತಡೆಗಳಲ್ಲಿ ಹಿಡಿ ಎದೆಯ ಮಟ್ಟಕ್ಕೆ ಏರಿ, ಅಲಗಿನ ತುದಿ ನೆಲದ ಕಡೆಗೆ ಇಳಿಯುತ್ತದೆ.

ಈ ಐದಕ್ಕೂ ಅನ್ವಯಿಸುವ ಒಂದು ನಿಯಮವಿದೆ: ನಿಮ್ಮ ಅಲಗಿನ ಬುಡದ ಮೂರನೆಯ ಒಂದು ಭಾಗ ಎದುರಾಳಿಯ ಅಲಗಿನ ತುದಿಯ ಮೂರನೆಯ ಒಂದು ಭಾಗವನ್ನು ಭೇಟಿಯಾಗಬೇಕು. ಬುಡ ಗಟ್ಟಿ, ತುದಿ ದುರ್ಬಲ. ತುದಿಯಿಂದ ತಡೆದರೆ ಬಲಶಾಲಿಯ ಪೆಟ್ಟು ನಿಮ್ಮ ಅಲಗನ್ನೂ ಜೊತೆಗೆ ತಳ್ಳಿಕೊಂಡು ಒಳಗೆ ಬರುತ್ತದೆ. ಜೆಮ್ ಸೋ ಆಡುವ ಅನಾಕಿನ್ ಸ್ಕೈವಾಕರ್ ತನ್ನ ಗುರು ಓಬಿ-ವಾನ್‌ಗಿಂತ ಎತ್ತರ, ಬಲದಲ್ಲೂ ಹೆಚ್ಚು. ಅವನ ಮೇಲಿಂದ ಇಳಿಯುವ ಪೆಟ್ಟುಗಳನ್ನು ಓಬಿ-ವಾನ್ ತಾಳಿಕೊಳ್ಳುವುದು ಬುಡದಿಂದ ತಡೆಯುವುದರಿಂದಲೇ.

ಕಾಲಿನ ಪೆಟ್ಟಿಗೆ ತಡೆ ಬೇಡ, ಕಾಲನ್ನೇ ಹಿಂದಕ್ಕೆ ಎಳೆದುಕೊಳ್ಳಿ. ಇದರ ಹಿಂದೆ ಸರಳ ಲೆಕ್ಕವಿದೆ. ಭುಜದ ಮಟ್ಟದಲ್ಲಿ ಚಾಚಿದ ಕತ್ತಿ ಅತಿ ದೂರ ತಲುಪುತ್ತದೆ. ಅದೇ ಕತ್ತಿ ಮಂಡಿಗೆ ಇಳಿಯಬೇಕಾದರೆ ಓರೆಯಾಗಿ ಇಳಿಯಬೇಕು, ತಲುಪುವ ದೂರ ಕಡಿಮೆಯಾಗುತ್ತದೆ. ಎದುರಾಳಿ ನಿಮ್ಮ ಕಾಲಿಗೆ ಬಾಗಿದಾಗ ಅವನ ತಲೆ ನಿಮ್ಮ ಅಲಗಿಗೆ ಎಟುಕುತ್ತದೆ, ನಿಮ್ಮ ಕಾಲು ಅವನಿಗೆ ಎಟುಕುವುದಿಲ್ಲ. ಮುಂಗಾಲನ್ನು ಹಿಂಗಾಲಿನ ಪಕ್ಕಕ್ಕೆ ಎಳೆದುಕೊಂಡು ಅಲಗನ್ನು ತಲೆಯ ಎತ್ತರದಲ್ಲಿ ಮುಂದೆ ಚಾಚಿದರೆ ಸಾಕು, ಅವನೇ ಬಂದು ತಾಗುತ್ತಾನೆ.

ಚೆಂಡಿನ ಅಭ್ಯಾಸ

ಸೊರೆಸು ಬ್ಲಾಸ್ಟರ್‌ಗಾಗಿ ಹುಟ್ಟಿದ್ದರಿಂದ ಈ ಭಾಗವನ್ನು ಬಿಟ್ಟು ಕಲಿಯಲಾಗದು. 1977ರ ಮೊದಲ ಚಿತ್ರದಲ್ಲಿ ಮಿಲೇನಿಯಂ ಫಾಲ್ಕನ್ ನೌಕೆಯೊಳಗೆ ಕಥಾನಾಯಕ ಲ್ಯೂಕ್‌ನ ಸುತ್ತ ತೇಲುತ್ತಾ ಸಣ್ಣ ಮಿಂಚು ಹಾರಿಸುವ ಗೋಳ ನೆನಪಿರಬಹುದು. ನಮಗೆ ಅದರ ಬದಲು ಸ್ಪಂಜಿನ ಚೆಂಡು, ಇಲ್ಲವಾದರೆ ಉಂಡೆ ಕಟ್ಟಿದ ಕಾಲುಚೀಲ. ಟೆನಿಸ್ ಚೆಂಡು ಬೇಡ, ಹತ್ತಿರದಿಂದ ಅದು ನೋಯಿಸುತ್ತದೆ. ನೋವಿನ ಹೆದರಿಕೆ ಬಂದರೆ ಕೈ ತಾನಾಗಿ ದೊಡ್ಡದಾಗಿ ಬೀಸುತ್ತದೆ.

ಜೊತೆಗಾರ 5 ಮೀಟರ್ ದೂರದಲ್ಲಿ ನಿಂತು ಒಂದೊಂದೇ ಚೆಂಡನ್ನು ಎದೆ, ಭುಜ, ತಲೆ, ಪಕ್ಕೆಗೆ ಗುರಿಯಿಟ್ಟು ಎಸೆಯಲಿ. ನೀವು ಚೆಂಡನ್ನು ಹೊಡೆಯಬಾರದು. ಅದರ ದಾರಿಗೆ ಅಲಗನ್ನು ಇಟ್ಟು ಸುಮ್ಮನಿರಬೇಕು. ರಾಹುಲ್ ದ್ರಾವಿಡ್ ರಕ್ಷಣೆಗೆ ಬ್ಯಾಟ್ ಒಡ್ಡಿದಾಗ ಚೆಂಡು ಸತ್ತಂತೆ ಕಾಲಬುಡದಲ್ಲಿ ಬೀಳುತ್ತಿತ್ತಲ್ಲ, ಅಷ್ಟು ಮೃದುವಾಗಿ. ಚೆಂಡು ತಾಗಿ ಎಲ್ಲಿ ಬಿತ್ತು ಎಂಬುದೇ ನಿಮ್ಮ ಪರೀಕ್ಷಕ. ಒಂದೆರಡು ಹೆಜ್ಜೆಯೊಳಗೆ ಬಿದ್ದರೆ ತಡೆ ಸರಿಯಾಗಿದೆ. ಗೋಡೆಗೆ ಬಡಿದರೆ ನೀವು ಬೀಸಿದ್ದೀರಿ.

ಹತ್ತರಲ್ಲಿ ಎಂಟು ಚೆಂಡು ನಿಲ್ಲತೊಡಗಿದ ಮೇಲೆ ದಿಕ್ಕು ಬದಲಿಸುವುದನ್ನು ಕಲಿಯಿರಿ. ಅಲಗನ್ನು ಬೀಸದೆ ಕೇವಲ ಓರೆ ಮಾಡಿದರೆ ಚೆಂಡು ಆ ಓರೆಗೆ ತಕ್ಕಂತೆ ಎಡಕ್ಕೋ ಬಲಕ್ಕೋ ಹೊರಳುತ್ತದೆ. ಜೆಡೈಗಳು ಗುಂಡನ್ನು ಹಾರಿಸಿದವನ ಕಡೆಗೇ ತಿರುಗಿಸುವುದು ಅಲಗಿನ ಕೋನದ ಲೆಕ್ಕದಿಂದ. ತೋಳಿನ ಬಲಕ್ಕೆ ಅಲ್ಲಿ ಕೆಲಸವಿಲ್ಲ. ಕೊನೆಯ ಹಂತದಲ್ಲಿ ಇಬ್ಬರು ಎಸೆಯಲಿ, ಒಬ್ಬರು ಎದುರಿನಿಂದ, ಇನ್ನೊಬ್ಬರು ಓರೆಯಿಂದ. ಆಗ ಕಣ್ಣು ಒಂದೇ ಚೆಂಡಿಗೆ ಅಂಟುವುದನ್ನು ಬಿಟ್ಟು ಇಡೀ ಜಾಗವನ್ನು ಒಟ್ಟಿಗೆ ನೋಡಲು ಕಲಿಯುತ್ತದೆ. ಚಿತ್ರದಲ್ಲಿ ಲ್ಯೂಕ್‌ಗೆ ಕಣ್ಣು ಮುಚ್ಚುವ ಶಿರಸ್ತ್ರಾಣ ತೊಡಿಸುತ್ತಾರೆಂದು ನೀವು ಬಟ್ಟೆ ಕಟ್ಟಿಕೊಳ್ಳಬೇಡಿ. ಜೆಡೈಗಳ ಅತೀಂದ್ರಿಯ ಶಕ್ತಿಯಾದ ಫೋರ್ಸ್ ಇಲ್ಲದ ನಮಗೆ ಕಣ್ಣೇ ಗತಿ.

ಹೆಜ್ಜೆ

ಪಾದಗಳು ಒಂದನ್ನೊಂದು ದಾಟಬಾರದು. ಹಿಂದೆ ಸರಿಯುವಾಗ ಮೊದಲು ಹಿಂಗಾಲು, ಆಮೇಲೆ ಮುಂಗಾಲು. ಮುಂದೆ ಹೋಗುವಾಗ ಇದರ ವಿರುದ್ಧ.

ಹಿಂದೆ ಸರಿಯುವುದು ಸೊರೆಸುವಿನ ದೌರ್ಬಲ್ಯವೆಂದು ಹಲವರು ತಿಳಿದಿದ್ದಾರೆ. 2005ರ ಚಿತ್ರದಲ್ಲಿ ಮುಸ್ತಾಫರ್ ಗ್ರಹದ ಮೇಲೆ ಓಬಿ-ವಾನ್ ಮತ್ತು ಅನಾಕಿನ್ ನಡುವೆ ನಡೆಯುವ ಕಾಳಗವನ್ನು ಧ್ವನಿ ಆರಿಸಿ, ಪಾದಗಳನ್ನಷ್ಟೇ ನೋಡಿ. ಓಬಿ-ವಾನ್ ಬಹುಮಟ್ಟಿಗೆ ಹಿಂದೆ ಸರಿಯುತ್ತಲೇ ಇರುತ್ತಾನೆ: ಕೋಣೆಯಿಂದ ಹೊರಗಿನ ಕಟ್ಟೆಗೆ, ಅಲ್ಲಿಂದ ಕುಸಿಯುವ ಉಕ್ಕಿನ ತೋಳಿಗೆ, ಲಾವಾದ ಮೇಲೆ ತೇಲುವ ತಟ್ಟೆಗೆ. ಪ್ರತಿ ಹಿಂಜರಿತದೊಂದಿಗೆ ಕಾಳಗದ ಜಾಗವನ್ನು ಬದಲಿಸುತ್ತಾ ಹೋಗಿ, ಕೊನೆಗೆ ದಡದ ಎತ್ತರದ ನೆಲವನ್ನು ತಾನು ಹಿಡಿಯುತ್ತಾನೆ. ತಗ್ಗಿನಿಂದ ಜಿಗಿದ ಅನಾಕಿನ್ ಗಾಳಿಯಲ್ಲಿರುವಾಗ ದಾರಿ ಬದಲಿಸಲಾರ. ಆ ಒಂದು ಕ್ಷಣಕ್ಕೆ ಒಂದೇ ಪೆಟ್ಟು ಸಾಕಾಗುತ್ತದೆ. ನಿಕ್ ಗಿಲಾರ್ಡ್ ಹೆಣೆದ ಈ ಕಾಳಗವನ್ನು ಇವಾನ್ ಮೆಕ್‌ಗ್ರೆಗರ್ ಮತ್ತು ಹೇಡನ್ ಕ್ರಿಸ್ಟೆನ್ಸನ್ ತಿಂಗಳುಗಟ್ಟಲೆ ತಾಲೀಮು ಮಾಡಿ ಬಹುಪಾಲು ತಾವೇ ಆಡಿದ್ದಾರೆ. ಹಾಗಾಗಿ ಪಾದಗಳ ಕೆಲಸ ಮುಖದವರೆಗೆ ಒಂದೇ ಮೈಯಾಗಿ ಕಾಣುತ್ತದೆ.

ನಿಮಗೆ ಇದರ ಪಾಠವೇನೆಂದರೆ, ನೇರ ಹಿಂದಕ್ಕೆ ಎರಡು ಹೆಜ್ಜೆಗಿಂತ ಹೆಚ್ಚು ಹೋಗಬೇಡಿ. ಮೂರನೆಯದು ಓರೆಯಾಗಿರಲಿ, ಎದುರಾಳಿಯ ಕತ್ತಿ ಹಿಡಿದ ಕೈಯ ಹೊರಬದಿಗೆ. ಅವನು ನಿಮ್ಮ ಕಡೆಗೆ ತಿರುಗಿಕೊಳ್ಳಲೇಬೇಕು, ತಿರುಗುವಷ್ಟು ಹೊತ್ತು ಅವನಿಂದ ಹೊಡೆಯಲಾಗದು. ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಹೆಜ್ಜೆ ವ್ಯಾಸದ ವೃತ್ತ ಬರೆದು ಅದರ ಅಂಚು ತುಳಿಯದೆ ಆಡುವುದನ್ನು ರೂಢಿಸಿಕೊಳ್ಳಿ.

ವೃತ್ತದ ಮಾತು ಬಂದಾಗ ಫ್ರಾನ್ಸ್ ನೆನಪಾಗುತ್ತದೆ. ಅಲ್ಲಿನ ಫೆನ್ಸಿಂಗ್ ಒಕ್ಕೂಟ 2019ರಲ್ಲಿ ಲೈಟ್‌ಸೇಬರ್ ಕಾಳಗಕ್ಕೆ ಅಧಿಕೃತ ಕ್ರೀಡೆಯ ಮಾನ್ಯತೆ ಕೊಟ್ಟಿತು. ಕಾಳಗ ನಡೆಯುವುದು ವೃತ್ತದೊಳಗೆ, ಅವಧಿ 3 ನಿಮಿಷ, 15 ಅಂಕ ಮೊದಲು ಗಳಿಸಿದವರಿಗೆ ಜಯ. ತಲೆ ಅಥವಾ ಮೈಗೆ ತಾಗಿದರೆ 5 ಅಂಕ, ತೋಳು ಅಥವಾ ಕಾಲಿಗೆ 3, ಕೈಗೆ 1. ಫೆನ್ಸಿಂಗ್‌ನ ಚುಚ್ಚುವ ಮಿಂಚುದಾಳಿ ಬರದಿರಲೆಂದು ಹೊಡೆಯುವ ಮುನ್ನ ಅಲಗಿನ ತುದಿ ಹಿಂದಕ್ಕೆ ಹೋಗಲೇಬೇಕೆಂಬ ನಿಯಮವಿದೆ. ಓಬಿ-ವಾನ್‌ನ ಆರಂಭದ ಭಂಗಿಯನ್ನು ಈಗ ಇನ್ನೊಮ್ಮೆ ನೆನೆಯಿರಿ: ಅಲ್ಲಿ ತುದಿ ಆಗಲೇ ಹಿಂದೆ ಇದೆ! ಪರದೆಗಾಗಿ ಕಟ್ಟಿದ ಭಂಗಿ ನಿಜವಾದ ಕ್ರೀಡೆಯ ನಿಯಮಕ್ಕೆ ಹೀಗೆ ಹೊಂದುವುದು ನನಗೆ ಬಹಳ ಸಂತೋಷ ಕೊಡುತ್ತದೆ.

ಕಾಯುವುದು, ನಂತರ ಒಂದೇ ಪೆಟ್ಟು

ಇಲ್ಲಿಯವರೆಗಿನದು ಕೈಕಾಲಿನ ಕೆಲಸ. ಸೊರೆಸು ನಿಜವಾಗಿ ಕಷ್ಟವಾಗುವುದು ಇಲ್ಲಿಂದ ಮುಂದೆ. ಜೊತೆಗಾರ ಒಂದು ನಿಮಿಷ ಎಡೆಬಿಡದೆ ದಾಳಿ ಮಾಡಲಿ, ನೀವು ತಿರುಗಿ ಹೊಡೆಯದೆ ತಡೆಯುತ್ತಲೇ ಇರಿ. ಹೊಡೆಯಲು ಜಾಗ ಕಂಡರೂ ಹೊಡೆಯಬೇಡಿ, ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಿ. ನಿಮಿಷ ಮುಗಿದ ಮೇಲೆ ಅವನಿಗೆ ಹೇಳಿ: ನೀನು ಎಲ್ಲಿ ತೆರೆದುಕೊಂಡೆ, ಯಾವ ಪೆಟ್ಟನ್ನು ಮತ್ತೆಮತ್ತೆ ಹೊಡೆದೆ, ಯಾವಾಗ ಉಸಿರು ತಪ್ಪಿತು. ಈ ವರದಿ ಕೊಡಲು ಬಾರದವರು ಕಣ್ಣು ಮುಚ್ಚಿಕೊಂಡೇ ತಡೆಯುತ್ತಿದ್ದಾರೆ. ನೋಟ ಅವನ ಅಲಗಿನ ಮೇಲೆ ಬೇಡ. ಎದೆಯ ಮೇಲ್ಭಾಗದ ಮೇಲಿರಲಿ. ಭುಜ ಮೊದಲು ಹೊರಡುತ್ತದೆ, ಅಲಗು ಆಮೇಲೆ.

ತೆರಪು ಸಿಗುವುದು ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ. ಎದುರಾಳಿ ಅಳತೆ ಮೀರಿ ಚಾಚಿದಾಗ, ದೊಡ್ಡ ಬೀಸು ಗುರಿ ತಪ್ಪಿ ಆಚೆ ಹೋದಾಗ, ಒಂದೇ ಮಾದರಿಯನ್ನು ಮರುಕಳಿಸಿದಾಗ. ಮೂರನೆಯದಕ್ಕೆ ಯಂತ್ರದ ಮೈಯ ಖಳ ಜನರಲ್ ಗ್ರೀವಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಉಟಪಾವ್ ಗ್ರಹದಲ್ಲಿ ಅವನು ನಾಲ್ಕು ಕೈಗಳಲ್ಲಿ ನಾಲ್ಕು ಸೇಬರ್ ಹಿಡಿದು, ಯಂತ್ರದ ಮಣಿಕಟ್ಟುಗಳನ್ನು ಗಿರಗಿರನೆ ತಿರುಗಿಸುತ್ತಾ ಮುನ್ನುಗ್ಗುತ್ತಾನೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಯಂತ್ರದ ತಿರುಗಾಟಕ್ಕೆ ನಿಶ್ಚಿತ ಲಯವಿದೆ. ಓಬಿ-ವಾನ್ ಆ ಲಯ ಹಿಡಿಯುವವರೆಗೆ ತಡೆಯುತ್ತಾನೆ, ಆಮೇಲೆ ಎರಡು ಕೈಗಳನ್ನು ಕತ್ತರಿಸಿಹಾಕುತ್ತಾನೆ. ಎದೆಗೆ ಗುರಿಯಿಟ್ಟಿಲ್ಲ, ಹತ್ತಿರವಿದ್ದ ಕೈಗೆ ಗುರಿಯಿಟ್ಟಿದ್ದಾನೆ ಎಂಬುದನ್ನು ಗಮನಿಸಿ. ಸೊರೆಸುವಿನ ಮರುಪೆಟ್ಟು ಯಾವಾಗಲೂ ಅತಿ ಸಮೀಪದ ಗುರಿಗೆ.

ಇದಕ್ಕಿಂತ ಸೂಕ್ಷ್ಮವಾದ ಪಾಠ 2017ರಲ್ಲಿ ಪ್ರಸಾರವಾದ ಆನಿಮೇಷನ್ ಸರಣಿಯ ಕಂತೊಂದರಲ್ಲಿದೆ. ಟ್ಯಾಟೂಯಿನ್‌ನ ಮರುಭೂಮಿಯಲ್ಲಿ, ರಾತ್ರಿ, ಮುದುಕನಾದ ಓಬಿ-ವಾನ್ ಎದುರು ಮುದುಕನಾದ ಮಾಲ್. ಓಬಿ-ವಾನ್ ಮೊದಲು ತನ್ನ ಸೊರೆಸು ಭಂಗಿಯಲ್ಲಿ ನಿಲ್ಲುತ್ತಾನೆ. ಅಲ್ಲಿಂದ ಮೆಲ್ಲಗೆ ಹಿಡಿತ ಬದಲಿಸಿ, ಸತ್ತ ಗುರುವನ್ನು ನೆನಪಿಸುವ ಹಳೆಯ ನಿಲುವಿಗೆ ಬರುತ್ತಾನೆ. ಮಾಲ್ ಆಸೆಗೆ ಬೀಳುತ್ತಾನೆ; ಕ್ವೈ-ಗಾನ್‌ನನ್ನು ಕೊಂದ ಅದೇ ಪಟ್ಟನ್ನು, ಹಿಡಿಯಿಂದ ಮುಖಕ್ಕೆ ಗುದ್ದುವ ಪಟ್ಟನ್ನು, ಮತ್ತೆ ಹಾಕಲು ಹೋಗುತ್ತಾನೆ. ಆ ಪಟ್ಟು ಬರುವುದೆಂದು ಇವನಿಗೆ ಗೊತ್ತಿತ್ತು. ಮಾಲ್‌ನ ಹಿಡಿಯನ್ನು ನಡುವೆ ಸೀಳಿದ ಪೆಟ್ಟು ಅವನ ಎದೆಯನ್ನೂ ಸೀಳುತ್ತದೆ. ಕೆಲವೇ ಕ್ಷಣಗಳ ಕಾಳಗ. ನಿಲುವನ್ನೇ ಪ್ರಶ್ನೆಯಾಗಿ ಕೇಳಿ, ಎದುರಾಳಿಯಿಂದ ತನಗೆ ಬೇಕಾದ ಉತ್ತರವನ್ನೇ ಹೊರಡಿಸುವುದು ಈ ವರಸೆಯ ತುತ್ತತುದಿ. ನಿಮ್ಮ ಮಟ್ಟಿಗೆ ಇದನ್ನು ಹೀಗೆ ಆಡಿ ನೋಡಿ: ಬಲಭುಜವನ್ನು ಬೇಕೆಂದೇ ಒಂದು ಗೇಣು ತೆರೆದಿಟ್ಟು, ಅಲ್ಲಿಗೇ ಪೆಟ್ಟು ಬರುವುದೆಂದು ಸಿದ್ಧವಾಗಿ ನಿಲ್ಲಿ.

ಸೊರೆಸು ಸೋಲುವ ಜಾಗ

2002ರ ಚಿತ್ರದಲ್ಲಿ ಎದುರಾಳಿ ಕೌಂಟ್ ಡೂಕು ಓಬಿ-ವಾನ್‌ನನ್ನು ಹೆಚ್ಚು ಶ್ರಮವಿಲ್ಲದೆ ತೋಳಿಗೆ, ತೊಡೆಗೆ ಗಾಯಗೊಳಿಸಿ ಬೀಳಿಸುತ್ತಾನೆ. ಡೂಕುವಿನದು ಮಕಾಶಿ, ಒಂಟಿಗೈ, ಬಾಗಿದ ಹಿಡಿ, ಸಣ್ಣ ನಿಖರ ಚಲನೆ. ದೊಡ್ಡದಾಗಿ ಬೀಸುವವನು ದಣಿಯುತ್ತಾನೆಂದು ಕಾಯಬಹುದು, ಆದರೆ ನಿಮ್ಮಷ್ಟೇ ಮಿತವಾಗಿ ಕೈಯಾಡಿಸುವವನು ದಣಿಯುವುದಿಲ್ಲ. ಅವನ ಸುಳ್ಳು ಪೆಟ್ಟುಗಳಿಗೆ ನಿಮ್ಮ ತಡೆ ಪ್ರತಿಸಲ ಹೊರಟರೆ ಲಯ ಅವನ ಕೈಗೆ ಹೋಗುತ್ತದೆ. ಇಂಥವರ ಎದುರು ತಡೆಗಿಂತ ಅಂತರ ಮುಖ್ಯ. ಅವನ ತುದಿ ಎಟುಕದಷ್ಟು ದೂರದಲ್ಲಿದ್ದು, ಅವನು ಹೆಜ್ಜೆ ಇಟ್ಟಾಗ ಮಾತ್ರ ಉತ್ತರಿಸಿ. ಹೆಜ್ಜೆ ಇಲ್ಲದ ಕೈಯಾಟಕ್ಕೆ ಉತ್ತರವೇ ಬೇಡ.

ಇನ್ನೊಂದು ಸೋಲು ಒಳಗಿನದು. ಬರೀ ತಡೆಯುತ್ತಾ 3 ನಿಮಿಷ ಕಳೆದರೆ ಅಂಕಪಟ್ಟಿಯಲ್ಲಿ ಸೊನ್ನೆಯೇ ಉಳಿಯುತ್ತದೆ. ಶೀ-ಚೋ ವರಸೆಯ ಮೂಲ ಹೊಡೆತಗಳನ್ನು ಮೊದಲು ಕಲಿತು, ಆಮೇಲೆ ಸೊರೆಸುಗೆ ಬರುವುದು ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕಾಗಿಯೇ.

ವಾರದ ಕ್ರಮ

ಮೊದಲ ತಿಂಗಳು ದಿನಕ್ಕೆ 20 ನಿಮಿಷ ಸಾಕು: ಹೊಸ್ತಿಲ ಮೇಲೆ ಬರಿಹಿಡಿಯ ತಡೆ 10 ನಿಮಿಷ, ಹೆಜ್ಜೆ 10 ನಿಮಿಷ. ಎರಡನೆಯ ತಿಂಗಳಲ್ಲಿ ಅಲಗು ಜೋಡಿಸಿ, ವಾರಕ್ಕೆ ಮೂರು ಸಲ ಚೆಂಡಿನ ಅಭ್ಯಾಸ ಸೇರಿಸಿ. ಮನೆಯೊಳಗೆ ಫ್ಯಾನ್ ಇರುವ ಕೋಣೆ ಬೇಡ. ತಾರಸಿಯೋ ಅಂಗಳವೋ ಇದ್ದರೆ ಲೇಸು. ಜೊತೆಗಾರರೊಡನೆ ಕತ್ತಿಗೆ ಕತ್ತಿ ಕೊಡುವುದು ಮೂರನೆಯ ತಿಂಗಳಿನಿಂದ. ಮೊದಲು ಅರ್ಧ ವೇಗದಲ್ಲಿ, ಯಾವ ಪೆಟ್ಟು ಬರುತ್ತದೆಂದು ಬಾಯಲ್ಲಿ ಹೇಳಿ ಹೊಡೆಯಲಿ. ಆಮೇಲೆ ಹೇಳದೆ, ಅದೇ ವೇಗದಲ್ಲಿ. ಪೂರ್ಣ ವೇಗಕ್ಕೆ ಮುಖವಾಡ, ಗವಸು ಎರಡೂ ಇಬ್ಬರಿಗೂ ಇರಲೇಬೇಕು. ಮಣಿಕಟ್ಟಿನಲ್ಲಿ ನೋವು ಕಂಡರೆ ಎರಡು ದಿನ ಕತ್ತಿ ಮುಟ್ಟಬೇಡಿ, ಹೆಜ್ಜೆಯ ಅಭ್ಯಾಸವನ್ನಷ್ಟೇ ಮುಂದುವರಿಸಿ.

ತಿಂಗಳಿಗೊಮ್ಮೆ ಯಾರಾದರೂ ಮೊಬೈಲ್‌ನಲ್ಲಿ ನಿಮ್ಮನ್ನು ಎದುರಿನಿಂದ ಚಿತ್ರೀಕರಿಸಲಿ. ವಿಡಿಯೊವನ್ನು ನಿಧಾನಗತಿಯಲ್ಲಿ ಹಾಕಿ, ಅಲಗನ್ನು ಬಿಟ್ಟು ಹಿಡಿಯನ್ನು ಮಾತ್ರ ಹಿಂಬಾಲಿಸಿ. ಅದು ಓಡಾಡಿದ ಜಾಗ ಹಿಂದಿನ ತಿಂಗಳಿಗಿಂತ ಕಿರಿದಾಗಿದ್ದರೆ ಮುಂದಿನ ಹಂತಕ್ಕೆ ಹೋಗಿ. ಹಾಗೆಯೇ ಇದ್ದರೆ ಅಲಗು ಬಿಚ್ಚಿ ಇನ್ನೊಂದು ವಾರ ಹೊಸ್ತಿಲ ಮೇಲೆ ನಿಲ್ಲಿ.